ಕೀಲೆಣ್ಣಿ

ಕವಚದ ಎಂಟು ಸ್ಕ್ರೂ ಬಿಚ್ಚಿದೆ.
ಒಂಬತ್ತನೆಯದು ಜಂಗು ಹಿಡಿದು ಹಟ ಬಿಡಲಿಲ್ಲ.
ಅದಕ್ಕೊಂದು ತೊಟ್ಟು ಸೀಮೆಎಣ್ಣಿ ಬಿಟ್ಟು
ಬೀಡಿ ಸೇದದೆ,
ಬೀಡಿ ಸೇದುವಷ್ಟು ಹೊತ್ತು ಕಾದೆ.

ಜೋರಾಪುರ ಪೇಟೆಯ ಸಂದಿಯಲ್ಲಿ ನನ್ನ ಅಂಗಡಿ.
ಮೇ ತಿಂಗಳು; ತಲೆಯ ಮೇಲಿನ ಪತ್ರಾಸು
ಹತ್ತು ಗಂಟೆಗೇ ಹಂಚಿನಂತೆ ಕಾದಿದೆ.
ಹೊರಗೆ ಹಳೆಯ ಟೈರಿನ ಮೇಲೆ ಕೂತಿದ್ದಾಳೆ ಬೌರವ್ವ,
ಮಗ್ಗುಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ
ಬಿಳಿ ಬಟ್ಟೆ ಹೊದ್ದ ಮುನ್ನೂರು ಖಡಕ್ ರೊಟ್ಟಿ.
ಎರಡು ಖಾನಾವಳಿ, ಒಂದು ಹಾಸ್ಟೆಲ್ಲು
ಹನ್ನೆರಡಕ್ಕೆ ಬಾಗಿಲು ನೋಡುತ್ತವೆ.

ಕವಚ ಬಿಟ್ಟಿತು.
ಒಳಗೆ ಇಣುಕಿ ನಾಚಿಕೆಯಾಯಿತು.
ದೀಪಾವಳಿ ಹೊತ್ತಿಗೆ ತುಂಬಿದವನು ನಾನೇ:
ಲಾರಿ ಗಾಲಿಯ ಕೆಂಪು ಗ್ರೀಸು, ಅರ್ಧ ಡಬ್ಬಿ,
ಹೆಚ್ಚಾದರೆ ಕೆಟ್ಟದ್ದೇನು ಅಂತ,
ಬೀಗರೂಟದಲ್ಲಿ ತುಪ್ಪ ಸುರಿಯುವವನ ಹಾಗೆ.
ಬಿಸಿಲಿಗೆ ಅದು ಕರಗಿ
ಬೇಕಾದ ಹಲ್ಲುಗಳನ್ನು ಒಣಗಲು ಬಿಟ್ಟು
ಬೇಡದ ಕಡೆಯೆಲ್ಲ ಹೋಗಿ ಕೂತಿದೆ.
ತಂತಿಗಳ ಬುಡದಲ್ಲಿ. ಹಸಿರು ಸರ್ಕೀಟಿನ ಮೇಲೆ.
ಒಂದೇ ದಿಕ್ಕಿಗೆ ಹಿಡಿಯಬೇಕಾದ ಕ್ಲಚ್ಚಿನ
ಸಣ್ಣ ಸಣ್ಣ ಉರುಳೆಗಳ ನಡುವೆ.
ಹಿಡಿಯುವ ಉರುಳೆ ಜಾರುತ್ತಿದೆ.
ಅದಕ್ಕೇ ರೈಲ್ವೆ ಬ್ರಿಜ್ಜಿನ ಏರಿನಲ್ಲಿ
ಮೋಟಾರು ಒದರುತ್ತಿತ್ತು, ಗಾಲಿ ತಿರುಗುತ್ತಿರಲಿಲ್ಲ,
ಬೌರವ್ವ ಇಳಿದು ದೂಡುತ್ತಿದ್ದಳು.

ಎಷ್ಟು ದಿನದಿಂದ, ಕೇಳಿದೆ.
"ಯುಗಾದಿಯಿಂದ." ಅಷ್ಟೇ ಅಂದಳು.
ಬೈದಿದ್ದರೆ ಹಗುರಾಗುತ್ತಿತ್ತು.

ನಮ್ಮಜ್ಜ ಗಾಡಿಯ ಕೀಲೆಣ್ಣಿ ತಾನೇ ಕೂಡಿಸುತ್ತಿದ್ದ,
ಹರಳೆಣ್ಣಿಗೆ ಸುಟ್ಟ ಹುಲ್ಲಿನ ಕರಿ ಕಲೆಸಿ.
ಎರಡು ಬೆರಳಲ್ಲಿ ತಿಕ್ಕಿ, ಬೆರಳು ಬಿಡಿಸಿ,
ನೂಲು ಎಷ್ಟುದ್ದ ಬಂತೆಂದು ನೋಡುತ್ತಿದ್ದ.
ಒಂದು ಗೊಟ್ಟ, ಒಂದು ಎಣ್ಣಿ,
ಕಬ್ಬಿಣದ ಅಚ್ಚು, ಕಟ್ಟಿಗೆಯ ಗುಂಬ.
ಅವನದು ಸರಳವಿತ್ತು.
ಇಲ್ಲಿ ತೆಂಗಿನಕಾಯಿಯಷ್ಟು ಡಬ್ಬಿಯೊಳಗೆ
ಒಬ್ಬರ ಊಟ ಇನ್ನೊಬ್ಬರಿಗೆ ಆಗಿಬರುವುದಿಲ್ಲ.
ಬಿಳಿಯ ನೈಲಾನ್ ಚಕ್ರ
ಒಗ್ಗದ ಎಣ್ಣಿ ಕುಡಿದರೆ ಉಬ್ಬಿ ಬಿರಿಯುತ್ತದೆ.
ಉಕ್ಕಿನ ಹಲ್ಲಿಗೆ, ಒತ್ತಿದರೂ ಓಡಿಹೋಗದ,
ಅಂಟಿ ನಿಲ್ಲುವಂಥದು ಬೇಕು.
ಕ್ಲಚ್ಚಿಗೆ ಗ್ರೀಸೇ ಬೇಡ,
ತೆಳು ಎಣ್ಣಿ, ಅದೂ ಸೂಜಿಯ ತುದಿಯಲ್ಲಿ ನಿಂತಷ್ಟು.

ಕೆಂಪು ಡಬ್ಬಿ, ಬಿಳಿ ಡಬ್ಬಿ, ಕರಿ ಟ್ಯೂಬು
ಮುಂದಿಟ್ಟುಕೊಂಡು ಕೂತವನನ್ನು
ಆಕೆ ಹೊಸ್ತಿಲಿಂದ ನೋಡಿದಳು.
"ಹಿಟ್ಟಿಗೆ ಎಸರು ಎಷ್ಟು ಅಂತ
ಹಿಟ್ಟನ್ನ ಕೇಳಬೇಕ್ರಿ ಮಲಕಪ್ಪ.
ಚರಿಗೀನ ಕೇಳಿದ್ರ ಹೆಂಗ?"

"ಹ್ವಾದ ಸಲ ನಾ ಡಬ್ಬೀನ ಕೇಳಿದ್ನಿ," ಅಂದೆ.
ಮೊದಲ ಸಲ ನಕ್ಕಳು.

ಸೀಮೆಎಣ್ಣಿಯಲ್ಲಿ ಎಲ್ಲ ತೊಳೆದೆ.
ಮೊಮ್ಮಗಳು ಬಿಟ್ಟ ಹಲ್ಲಿನ ಬ್ರಷ್ಷಿನಿಂದ
ಮೂವತ್ತಾರು ಹಲ್ಲು, ಒಂದೊಂದೇ, ತಿಕ್ಕಿದೆ.
ಸರ್ಕೀಟು ಒರೆಸುವಾಗ ಉಸಿರು ಹಿಡಿದೆ.
ದನದ ಡಾಕ್ಟರ ಕೊಟ್ಟ ಹಳೆಯ ಸಿರಿಂಜಿನಲ್ಲಿ
ಬಿಳಿ ಗ್ರೀಸು ತುಂಬಿ
ಹಲ್ಲಿನ ಬುಡಕ್ಕೆ ಕಾಡಿಗೆಯಷ್ಟು ಎಳೆದೆ,
ಬೆರಳಿಂದ ಚಕ್ರ ತಿರುಗಿಸಿ, ಕಿವಿ ಕೊಟ್ಟು,
ಎಲ್ಲಿ ಒಣ ಸದ್ದು ಬಂತೋ ಅಲ್ಲಿಗೆ ಇನ್ನಷ್ಟು.
ಉಳಿದದ್ದನ್ನು ಒಳಗೇ ಬಿಡುವ ಚಟ
ಕೈಗೆ ಬಂತು.
ಒರೆಸಿ ತೆಗೆದೆ.

ಒಂಬತ್ತನೆಯ ಸ್ಕ್ರೂ ಹೊಸದು ಹಾಕಿದೆ.
ದುಡ್ಡು ನಾನು ಕೇಳಲಿಲ್ಲ,
ಆಕೆ ಕೊಡಲೂ ಹೋಗಲಿಲ್ಲ.
ಬುಟ್ಟಿ ಬಿಗಿದು, ಸೆರಗು ಸಿಗಿಸಿ ಹೊರಟಳು.
ಬ್ರಿಜ್ಜಿನ ಕಡೆ ಕಿವಿಯಿಟ್ಟು ನಿಂತೆ.
ಬಸ್ಸು ಹೋಯಿತು, ಉಳ್ಳಾಗಡ್ಡಿಯ ಟಂಟಂ ಹೋಯಿತು,
ಆ ಒದರು ಮಾತ್ರ ಬರಲಿಲ್ಲ.

ಬೆಂಚಿನ ಮೇಲೆ ಪೇಪರಿನಲ್ಲಿ ಸುತ್ತಿದ ನಾಲ್ಕು ರೊಟ್ಟಿ,
ಒಂದು ಚಿಟಿಕೆ ಗುರೆಳ್ಳು ಪುಡಿ.
ಮೂರು ಸಲ ಸಬಕಾರ ಹಚ್ಚಿ ಕೈ ತೊಳೆದು
ಒಂದನ್ನು ಮುರಿದೆ.
ಅಂಚಿಗೆ ಹೆಬ್ಬೆರಳಿನ ಗುರುತು ಮೂಡಿತು,
ಕೆಂಪಗೆ.
ದೀಪಾವಳಿಯದು.